ಅರಿಶಿನ ಹತ್ತಿದ ಹೊಲಿಗೆ ದಾರ

ನಾನು ಮಂಚೇನಹಳ್ಳಿಯಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದಾಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಓದಿದ ಸೊಸೆ ನಾನೊಬ್ಬಳೇ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು. ಈಗಲೂ ಪೂರ್ತಿ ಹೋಗಿಲ್ಲ. ನಮ್ಮ ಯಜಮಾನರು ಮೇಲೂರಿನಿಂದ ರೇಷ್ಮೆ ನೂಲು ತಂದು, ಮನೆಯ ಹಿಂದಿನ ಪಡಸಾಲೆಯಲ್ಲಿ ಹುರಿ ಹಾಕುತ್ತಿದ್ದರು. ದುಡಿಮೆ ಇವರದು, ಯಂತ್ರ ಮಾತ್ರ ಬೇರೆಯವರದು. ಯಂತ್ರದ ಒಡೆಯ ಬಾಗಿಲಿಗೆ ಬಂದರೆ ಸಾಕು, ಇವರು ಅರ್ಧ ಊಟ ಬಿಟ್ಟು ಏಳುತ್ತಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಹೀಗಿರುವಾಗ ಬೆಂಗಳೂರಿನ ರೇಷ್ಮೆ ವ್ಯಾಪಾರಿಯೊಬ್ಬರು ಹೊಸ ಮಾತು ತಂದರು. ಹೊರದೇಶದ ಆಸ್ಪತ್ರೆಗಳಲ್ಲಿ ಗಾಯ ಹೊಲಿಯಲು ರೇಷ್ಮೆ ದಾರ ಬೇಕಂತೆ. ಮಾದರಿ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ, ಸ್ವಂತ ಯಂತ್ರ ಕೊಳ್ಳುವ ದಾರಿ. ನಮ್ಮವರ ಮುಖ ಆ ದಿನ ಅರಳಿದಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ವ್ಯಾಪಾರಿಯವರು ಇಂಗ್ಲಿಷಿನಲ್ಲಿದ್ದ ನಿಯಮದ ಕಾಗದ ಕೊಟ್ಟು ಹೋದರು. ಓದಿ ಹೇಳುವ ಪಾರುಪತ್ಯ ನನ್ನದು. ದಾರದ ಅಂಟು ಪೂರ್ತಿ ಹೋಗಿರಬೇಕು, ಬಣ್ಣ, ಗಂಜಿ, ಎಣ್ಣೆ, ಮದ್ದು ಯಾವುದೂ ಸೋಕಿರಬಾರದು. ಹಾಗೆಂದು ನಾವು ಬರೆದು ಸಹಿ ಹಾಕಬೇಕು. ಮದರಾಸಿನ ಬಂದರಿನಲ್ಲಿ ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿ, ಬರೆದದ್ದಕ್ಕೂ ಒಳಗಿರುವುದಕ್ಕೂ ತಾಳೆ ನೋಡುತ್ತಾರೆ. ತಾಳೆಯಾದರೆ ಹಡಗು, ಇಲ್ಲದಿದ್ದರೆ ವಾಪಸ್ಸು.

ಯಜಮಾನರು ನೂಲನ್ನು ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ಕುದಿಸಿದರು. ನಮ್ಮ ನಾಡ ರೇಷ್ಮೆಗೂಡಿನ ಹಳದಿಯೆಲ್ಲ ಬಿಟ್ಟು ದಾರ ಬೆಳ್ಳಗಾಯಿತು. ಲಡಿ ಕಟ್ಟಿ ಪೆಟ್ಟಿಗೆಯಲ್ಲಿ ಜೋಡಿಸಿದ್ದು ನಾನು. ಅಮಾವಾಸ್ಯೆ ಕಳೆಯಲಿ ಎಂದು ಪೆಟ್ಟಿಗೆಯನ್ನು ದೇವರ ಕೋಣೆಯಲ್ಲಿಟ್ಟಿದ್ದು, ಆಮೇಲೆ ಮೊಳೆ ಹೊಡೆದು ಬೆಂಗಳೂರಿನ ಬಸ್ಸಿಗೆ ಹಾಕಿದೆವು.

ಪೆಟ್ಟಿಗೆ ಮದರಾಸಿನಿಂದಲೇ ಹಿಂದಕ್ಕೆ ಬಂತು. ವ್ಯಾಪಾರಿಯವರೇ ಹೊತ್ತು ತಂದು ಜಗಲಿಯ ಮೇಲೆ ತೆರೆದರು. ಮೇಲಿನ ಸಾಲು ಬೆಳ್ಳಗಿತ್ತು, ಕೆಳಗಿನ ಲಡಿಗಳೆಲ್ಲ ಅರಿಶಿನ. ಇದು ಬಣ್ಣವಾದರೆ ನೀವು ಬರೆದದ್ದು ಸುಳ್ಳು, ಮದ್ದಾದರೆ ಔಷಧಿ ಇಲಾಖೆಯ ಅಪ್ಪಣೆ ತನ್ನಿ ಎಂದರಂತೆ ಅಲ್ಲಿಯವರು. ಹುರಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಇನ್ನೊಂದು ಅವಕಾಶ ಕೊಡುತ್ತೇನೆ, ಮತ್ತೆ ಹೀಗಾದರೆ ನನ್ನ ಅಂಗಡಿಯ ಮೆಟ್ಟಿಲು ಹತ್ತಬೇಡಿ ಎಂದು ಹೇಳಿ ವ್ಯಾಪಾರಿಯವರು ಹೊರಟುಹೋದರು.

ಯಜಮಾನರು ನನ್ನ ಕಡೆ ತಿರುಗಿದರು. ಅಡುಗೆ ಮಾಡುತ್ತಿದ್ದ ಕೈಯಲ್ಲೇ ಕಟ್ಟಿದೆಯಾ ಎಂದು ಕೇಳಿದರು. ನಾನು ಕೆಂಡಾಮಂಡಲವಾದೆ. ನಿಯಮ ಓದಿ ಹೇಳಿದವಳು ನಾನು, ನನಗೇ ತಲೆ ಕೆಟ್ಟಿತ್ತೇ ಎಂದು ಬೀದಿಗೆ ಕೇಳುವ ಹಾಗೆ ಜೋರು ಮಾಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಅಂದರು:

"ಅವಳನ್ಯಾಕಪ್ಪಾ ಅಂತೀಯ. ಹಚ್ಚಿದ್ದು ನಾನು."

ಚಿಂತಾಮಣಿ ಕಡೆಯ ಹೆಂಗಸು, ಮಾತಿಗೆ ನಿಂತರೆ ಕನ್ನಡ ತೆಲುಗು ಎರಡರಲ್ಲೂ ಸೋಲದವರು. ಆವತ್ತು ಒಂದೊಂದೇ ಮಾತಾಗಿ ಒಪ್ಪಿಕೊಂಡರು. ಅಮಾವಾಸ್ಯೆಗೆಂದು ಪೆಟ್ಟಿಗೆ ಇಟ್ಟಿದ್ದಾಗ ಅರಿಶಿನದ ಕೊಂಬು ತೇಯ್ದು, ಲಡಿಗಳನ್ನು ಅದರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಮತ್ತೆ ಜೋಡಿಸಿಟ್ಟಿದ್ದರು; ಅರಿಶಿನ ಸಾಲದೆ ಉಳಿದವನ್ನು ಹಾಗೆಯೇ ಮೇಲಿಟ್ಟಿದ್ದರಿಂದ ಮೊಳೆ ಹೊಡೆಯುವಾಗ ನಮಗೆ ಕಂಡಿರಲಿಲ್ಲ.

"ಗಾಯಕ್ಕೆ ಹಾಕೋ ದಾರ ಅಂದ್ರಲ್ಲ. ಬರೀ ದಾರ ಮೈಯಾಗೆ ಹಾಕಿದ್ರೆ ಕೀವಾಗಲ್ವೇನಪ್ಪಾ? ನಮ್ಮ ಹುಡುಗೀಗೆ ಆಗಲಿಲ್ವಾ?"

ಯಜಮಾನರು ಮುಖ ಆ ಕಡೆ ತಿರುಗಿಸಿಕೊಂಡರು. ಅವರಿಗೊಬ್ಬಳು ತಂಗಿಯಿದ್ದಳು, ಬಾಣಂತನದಲ್ಲಿ ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಚೊಚ್ಚಲ ಹೆರಿಗೆಯಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಹಾಕಿದ ಹೊಲಿಗೆ ಕೀವು ತುಂಬಿ, ತಾಯಿಯ ತೊಡೆಯ ಮೇಲೆಯೇ ಪ್ರಾಣ ಬಿಟ್ಟಳು ಎಂಬುದನ್ನು ಅವರು ಆಮೇಲೆ ಹೇಳಿದರು. ಆ ಹೊತ್ತಿಗೆ ಮಾತ್ರ ಅಮ್ಮನ ಪಕ್ಕದಲ್ಲಿ ಕುಕ್ಕರಿಸಿ, "ಹೋಗ್ಲಿ ಬಿಡಮ್ಮ, ಇನ್ನೊಂದ್ ಸಲ ಮಾಡಣ" ಎಂದರು. ನನ್ನ ಸಿಟ್ಟು ಎತ್ತ ಹೋಯಿತೋ ಗೊತ್ತಾಗಲಿಲ್ಲ.

ಎರಡನೆಯ ಪೆಟ್ಟಿಗೆ ಮುಂದೆ ಸುಸೂತ್ರವಾಗಿ ಮದರಾಸು ದಾಟಿತು, ಯಂತ್ರವೂ ನಮ್ಮದೇ ಬಂತು. ಆದರೆ ನನಗೆ ನೆನಪಿರುವುದು ಆ ಪೆಟ್ಟಿಗೆ ಕಟ್ಟಿದ ದಿನ. ಅತ್ತೆ ಹೊಸ್ತಿಲ ಆಚೆಯೇ ನಿಂತಿದ್ದರು, ಒಳಗೆ ಬರಲಿಲ್ಲ. ಅರಿಶಿನ ಬೇಡವೆಂದರೆ ಅಲ್ಲಿ ಏನು ಹಚ್ಚುತ್ತಾರೆ ಎಂದು ಕೇಳಿದರು. ಕಾಗದ ಹಿಡಿದು ಮೇಷ್ಟರ ಹಾಗೆ ವಿವರಿಸಿದೆ: ಹೊಲಿಯುವ ಮೊದಲು ಆಸ್ಪತ್ರೆಯವರು ದಾರವನ್ನು ಚೆನ್ನಾಗಿ ಕುದಿಸುತ್ತಾರೆ, ಕುದಿಸಿದರೆ ಕೀವು ಮಾಡುವ ಕ್ರಿಮಿಗಳೆಲ್ಲ ಸಾಯುತ್ತವೆ, ಕುದಿಸದ ದಾರ ಮೈಗೆ ತಾಗಿಸುವ ಹಾಗೇ ಇಲ್ಲ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಾಗದದ ಕಡೆ ಕೈ ತೋರಿಸಿ ಅಂದರು:

"ನಮ್ಮ ಹುಡುಗೀಗೆ ಹಾಕಿದ್ದನ್ನ ಕುದಿಸಿದ್ರಾ ಇಲ್ವಾ ಅಂತ ಅದರಾಗೆ ಐತಾ, ನೋಡಮ್ಮ."

ನಾನು ಕಾಗದವನ್ನು ಇನ್ನೊಮ್ಮೆ ಮೊದಲಿಂದ ಓದುವಂತೆ ನಟಿಸಿದೆ. "ಇಲ್ಲ ಅತ್ತೆ" ಎಂದೆ. "ಆಗ್ಲಿ, ಕಟ್ಟಮ್ಮ, ಬಸ್ಸಿಗೆ ಹೊತ್ತಾಯ್ತು, ನಾನು ಮುಟ್ಟಲ್ಲ" ಎಂದು ಅವರು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು.

ತೊಳೆದ ಕೈ ಮುಟ್ಟಬಾರದು ಎಂದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಬಿಸಿನೀರು ತಂದು, ಸೋಪು ಹಚ್ಚಿ ಅವರ ಎರಡೂ ಕೈಗಳನ್ನು ನಾನೇ ತೊಳೆದೆ. ಕೊನೆಯ ಲಡಿಯನ್ನು ಅವರ ಕೈಗೆ ಕೊಟ್ಟೆ. ಅದನ್ನು ಪೆಟ್ಟಿಗೆಯೊಳಗೆ ಇಡುವಾಗ ಅವರು ಮಗಳ ಹೆಸರು ಹೇಳಿದರು. ಆ ಮನೆಗೆ ಬಂದ ಮೇಲೆ ನಾನು ಆ ಹೆಸರು ಕೇಳಿದ್ದು ಅದೇ ಮೊದಲು.