ಎರಡು ಸರ್ಟಿಫಿಕೇಟು, ಒಂದೇ ಹೆಸರು

ಶಾರ್ಜಾದಲ್ಲಿದ್ದ ನನ್ನ ನಾದಿನಿಗೆ ಏಳು ತಿಂಗಳು ತುಂಬಿದಾಗ ಅಲ್ಲಿನ ಡಾಕ್ಟರು, ಇನ್ನು ಹಾಸಿಗೆ ಬಿಟ್ಟು ಏಳಬಾರದು ಎಂದರು. ಹಿಂದಿನ ವರ್ಷ, ಕೊರೊನಾದಿಂದ ವಿಮಾನಗಳೆಲ್ಲ ನಿಂತಿದ್ದ ತಿಂಗಳುಗಳಲ್ಲಿ, ಅವಳ ಮೊದಲ ಮಗು ಉಳಿದಿರಲಿಲ್ಲ. ಆಗ ಇಲ್ಲಿಂದ ಯಾರೂ ಹೋಗುವಂತಿರಲಿಲ್ಲ. ತಮಿಳುನಾಡಿನ ಕಾಂಗೇಯಂನ ಮನೆಯಲ್ಲಿ ನನ್ನ ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಮಗಳು ಅಳುವುದನ್ನು ಕೇಳಿಸಿಕೊಂಡಿದ್ದರು, ಅಷ್ಟೇ. ಹಾಗಾಗಿ ಎರಡನೇ ಅಲೆ ಇಳಿದು, ಎರಡೂ ಡೋಸ್ ಹಾಕಿಸಿಕೊಂಡವರನ್ನು ಆ ದೇಶದವರು ಮತ್ತೆ ಒಳಗೆ ಬಿಡುತ್ತಾರೆ ಎಂಬ ಸುದ್ದಿ ಬಂದ ದಿನವೇ ಅತ್ತೆ ಹೋಗುವುದು ಖಾತ್ರಿಯಾಯಿತು. ಅವರ ಜೊತೆಗೆ ನಾನು ಹೋಗುವುದೂ.

ನಾನು ದಾವಣಗೆರೆಯವಳು. ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಕೆಲಸಕ್ಕೆಂದು ಬಂದು, ಕಾಂಗೇಯಂ ಕಡೆ ತಲೆಮಾರುಗಳಿಂದ ನೆಲೆನಿಂತ ಕನ್ನಡದ ಮನೆಯೊಂದಕ್ಕೆ ಸೊಸೆಯಾದೆ. ಅವರ ಕನ್ನಡವನ್ನು ಮೊದಲ ಸಲ ಕೇಳಿದಾಗ ತಮಿಳೇ ಇರಬೇಕು ಅಂದುಕೊಂಡಿದ್ದೆ. ರಾಗ ಪೂರ್ತಿ ತಮಿಳಿನದು, ಮಾತಿನ ನಡುನಡುವೆ ನಮ್ಮಜ್ಜಿಯ ಕಾಲದ ಕನ್ನಡ ಪದಗಳು. ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಉಳಿದವರಿಗೆಲ್ಲ ತಮಿಳು ಅಕ್ಷರ. ನನ್ನ ಗಂಡ ಕೊಬ್ಬರಿ ಎಣ್ಣೆಯ ಗಾಣ ನೋಡಿಕೊಳ್ಳುತ್ತಾರೆ. ಬಿಸಿಲಿರುವಾಗ ಕೊಬ್ಬರಿ ಒಣಗಿಸುವ ಕಣ ಬಿಟ್ಟು ಅವರು ಕದಲುವ ಹಾಗಿರಲಿಲ್ಲ. ಇಂಗ್ಲಿಷು, ಕಂಪ್ಯೂಟರು ಎರಡೂ ಬರುವವಳು ನಾನು. ಅತ್ತೆಗೆ ಪಾಸ್‌ಪೋರ್ಟ್ ಮಗಳ ಹಿಂದಿನ ಬಸುರಿನ ಸಮಯದಲ್ಲೇ ಆಗಿತ್ತು. ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ.

ಪ್ರವೇಶದ ನಿಯಮಗಳನ್ನು ನಾನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಲಸಿಕೆಯ ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು. ಹೊರಡುವ ಮುಂಚಿನ ಎರಡು ದಿನದೊಳಗೆ ಮೂಗಿನ ಪರೀಕ್ಷೆ ಆಗಬೇಕು. ವಿಮಾನ ನಿಲ್ದಾಣದಲ್ಲಿ ಇನ್ನೊಂದು ಪರೀಕ್ಷೆ. ಅಲ್ಲಿ ಇಳಿದ ಮೇಲೆ ಮತ್ತೊಂದು, ಅದರ ಫಲಿತಾಂಶ ಬರುವ ತನಕ ಯಾರ ಜೊತೆಗೂ ಬೆರೆಯುವಂತಿಲ್ಲ. ಅತ್ತೆಗೆ ಎಲ್ಲವನ್ನೂ ಓದಿ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿ, "ಮಗಳ ಮನೆಗೆ ಹೋಗಾಕೆ ಇಷ್ಟು ಬಾಗ್ಲಾ ಕಣ್ಣು?" ಎಂದರು. 'ಕಣ್ಣು' ಅನ್ನುವುದು ಈ ಕಡೆಯವರು ಪ್ರೀತಿಯಿಂದ ಕರೆಯುವ ರೀತಿ.

ಮೊದಲ ಬಾಗಿಲಲ್ಲೇ ಎಡವಿದೆವು. ಅತ್ತೆಯ ಪಾಸ್‌ಪೋರ್ಟಿನಲ್ಲಿ ಅವರ ಹೆಸರಿನ ಮುಂದೆ ಮಾವನ ಪೂರ್ತಿ ಹೆಸರಿತ್ತು. ಲಸಿಕೆಯ ಸರ್ಟಿಫಿಕೇಟಿನಲ್ಲಿ ಅವರ ಅಪ್ಪನ ಇನಿಶಿಯಲ್ ಮಾತ್ರ. ಸರ್ಕಾರದ ಜಾಲತಾಣದಲ್ಲಿ ಹೆಸರು ತಿದ್ದಿಕೊಳ್ಳಲು ಅವಕಾಶವಿತ್ತು, ಆದರೆ ಒಬ್ಬರಿಗೆ ಒಂದೇ ಸಲ. ಕಂಪನಿಯಲ್ಲಿ ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಆ ಕೆಲಸಕ್ಕೆ ಕೂತೆ. ಮನೆಯವರೆಲ್ಲ ಲಸಿಕೆಗೆ ನನ್ನ ನಂಬರಿನಲ್ಲೇ ನೋಂದಾಯಿಸಿಕೊಂಡಿದ್ದರು. ಪರದೆಯಲ್ಲಿ ನಮ್ಮ ಹೆಸರುಗಳು ಒಂದರ ಕೆಳಗೊಂದು ಇದ್ದವು. ಅತ್ತೆಯ ಪೂರ್ತಿ ಹೆಸರನ್ನು ಪಾಸ್‌ಪೋರ್ಟ್ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಎರಡು ಸಲ ಓದಿ ಕಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ತಿದ್ದುಪಡಿಯಾಗಿದೆ ಎಂಬ ಸಂದೇಶ ಬಂತು. ತೆರೆದು ನೋಡಿದರೆ ಹೆಸರು ಸರಿಯಾಗಿತ್ತು, ವಯಸ್ಸು ಮೂವತ್ತನಾಲ್ಕು.

ಅದು ನನ್ನ ವಯಸ್ಸು. ಅತ್ತೆಯ ಹೆಸರನ್ನು ನಾನು ನನ್ನ ಸಾಲಿನಲ್ಲಿ ತುಂಬಿಸಿಬಿಟ್ಟಿದ್ದೆ.

ಡಬ್ಬಿಯನ್ನು ಮುಚ್ಚಿಟ್ಟೆ. ಅತ್ತೆಯ ಸಾಲು ಹುಡುಕಿ, ಈ ಸಲ ವಯಸ್ಸನ್ನೂ ನೋಡಿಕೊಂಡು, ಅವರದ್ದನ್ನು ತಿದ್ದಿದೆ. ಅದು ಸರಿಯಾಗಿಯೇ ಆಯಿತು. ಈಗ ಸರ್ಕಾರದ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಲಸಿಕೆ ಹಾಕಿಸಿಕೊಂಡ ಇಬ್ಬರು ಅತ್ತೆಯರಿದ್ದರು, ಸೊಸೆ ಮಾತ್ರ ಲಸಿಕೆಯನ್ನೇ ಕಂಡಿರಲಿಲ್ಲ. ನನ್ನ ಒಂದು ಸಲದ ಅವಕಾಶ ಮುಗಿದಿತ್ತು. ವಿಮಾನಕ್ಕೆ ಇನ್ನು ಎಂಟು ದಿನ.

ಅವತ್ತು ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ. ಮಾರನೇ ದಿನ ಅರ್ಧ ದಿನ ರಜೆ ಹಾಕಿ ತಿರುಪ್ಪೂರಿನ ಆರೋಗ್ಯ ಕೇಂದ್ರಕ್ಕೆ ಹೋದೆ. ನನಗೆ ಎರಡೂ ಲಸಿಕೆ ಕಂಪನಿಯ ಷೆಡ್ಡಿನಲ್ಲಿ ನಡೆದ ಶಿಬಿರದಲ್ಲೇ ಆಗಿದ್ದವು, ಶಿಬಿರ ನಡೆಸಿದ್ದು ಅದೇ ಕೇಂದ್ರದವರು. ಕಂಪ್ಯೂಟರಿನ ಮುಂದಿದ್ದ ಹೆಂಗಸು ನನ್ನ ಸರ್ಟಿಫಿಕೇಟು ನೋಡಿ, ಆಧಾರ್ ನೋಡಿ, ಮತ್ತೆ ಸರ್ಟಿಫಿಕೇಟು ನೋಡಿದಳು.

"ಇದು ಯಾರ ಹೆಸರು?" ಎಂದು ತಮಿಳಿನಲ್ಲಿ ಕೇಳಿದಳು.

"ನಮ್ಮ ಅತ್ತೆಯದು."

"ನಿಮ್ಮ ಲಸಿಕೆಗೆ ಅವರ ಹೆಸರು ಯಾರು ಹಾಕಿದ್ದು?"

"ನಾನೇ."

ಅವಳು ನಗಲಿಲ್ಲ. ಬಹುಶಃ ಅಂಥ ತಪ್ಪುಗಳನ್ನು ದಿನವೂ ನೋಡುತ್ತಿದ್ದಳು. ಇಲ್ಲಿಂದ ತಿದ್ದಲು ಬರುವುದಿಲ್ಲ, ಜಿಲ್ಲಾ ಕಚೇರಿಗೆ ಬರೆಯಬೇಕು, ಈ ಲಸಿಕೆ ಬೇರೆಯವರದ್ದಲ್ಲ ನಿಮ್ಮದೇ ಎನ್ನುವುದಕ್ಕೆ ಪುರಾವೆ ಲಗತ್ತಿಸಬೇಕು ಎಂದಳು. ನನ್ನ ಹತ್ತಿರ ಏನು ಪುರಾವೆ ಇರಲು ಸಾಧ್ಯ? ತೋಳಿನ ಮೇಲೆ ಕಲೆಯೂ ಉಳಿದಿರಲಿಲ್ಲ. ಆಮೇಲೆ ನೆನಪಾಯಿತು. ಶಿಬಿರದಲ್ಲಿ ಕಂಪ್ಯೂಟರಿಗೆ ಸೇರಿಸುವ ಮೊದಲು ಎಲ್ಲರಿಂದಲೂ ಒಂದು ಉದ್ದನೆಯ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡಿದ್ದರು. ಅದನ್ನು ಹೇಳಿದೆ.

ಅವಳು ಎದ್ದು ಒಳಗೆ ಹೋಗಿ ಕಂಕುಳಲ್ಲಿ ಎರಡು ಪುಸ್ತಕ ಇಟ್ಟುಕೊಂಡು ಬಂದಳು. ಹೆಸರುಗಳನ್ನು ಅವಸರದಲ್ಲಿ ಬರೆದಿದ್ದರು, ಎಷ್ಟೋ ಕಡೆ ಮಸಿ ಹರಡಿತ್ತು. ಇಬ್ಬರೂ ಬೆರಳಿಟ್ಟು ಇಳಿಯುತ್ತಾ ಹೋದೆವು. ಪುಟಗಟ್ಟಲೆ ತಮಿಳು ಸಹಿ, ನಡುವೆ ಒಡಿಶಾ, ಬಿಹಾರ ಕಡೆಯಿಂದ ಹೊಲಿಗೆಗೆ ಬಂದವರ ಒಡಿಯಾ, ಹಿಂದಿ ಸಹಿ, ಹೆಬ್ಬೆಟ್ಟುಗಳು. ಒಂದು ಕಡೆ ಅವಳ ಬೆರಳು ನಿಂತಿತು.

"ಈ ಜಿಲೇಬಿ ನಿಮ್ಮದಾ?"

ನಾನು ಕನ್ನಡದಲ್ಲಿ ಸಹಿ ಮಾಡಿದ್ದೆ. ಎದುರಿಗೆ ನನ್ನ ಹೆಸರು, ವಯಸ್ಸು, ಆಧಾರಿನ ಕೊನೆಯ ಅಂಕಿಗಳು. ಎರಡನೇ ಡೋಸಿನ ಪುಸ್ತಕದಲ್ಲೂ ಅದೇ ಸಹಿ ಬೇಗ ಸಿಕ್ಕಿತು. ಖಾಲಿ ಹಾಳೆಯೊಂದರ ಮೇಲೆ ನನ್ನಿಂದ ಮತ್ತೆ ಸಹಿ ಮಾಡಿಸಿ, ಹೋಲಿಸಿ ನೋಡಿ, ಪುಟಗಳ ಫೋಟೋ ತೆಗೆದಳು. ವೈದ್ಯಾಧಿಕಾರಿ ಪತ್ರಕ್ಕೆ ಮೊಹರು ಹಾಕಿಕೊಟ್ಟರು. ನಾನು ಹೊರಡುವಾಗ ಅವಳು, "ಯಾವತ್ತು ಬರುತ್ತೋ ನನಗೆ ಗೊತ್ತಿಲ್ಲ. ನಾಲ್ಕು ದಿನಕ್ಕೆ ಬಂದದ್ದೂ ಇದೆ, ಒಂದು ತಿಂಗಳಾದರೂ ಬಾರದ್ದೂ ಇದೆ. ಬಸುರಿ ವಿಷಯ ಅಂತ ಬರೆದಿದ್ದೀನಿ" ಎಂದಳು.

ಅವತ್ತು ಸಂಜೆ ಅತ್ತೆಗೆ ಹೇಳಿದೆ. ಕಣದಲ್ಲಿ ಒಣಗಿದ ಕೊಬ್ಬರಿಯನ್ನು ಗುಡ್ಡೆ ಮಾಡಿಸುತ್ತಿದ್ದರು. ಬೈಯುತ್ತಾರೆ ಎಂದು ಎದುರು ನೋಡುತ್ತಿದ್ದೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ಬೆರಳು ಮಡಿಸಿ ಎಣಿಸಿದರು.

"ಹಂಗಂದ್ರೆ ನನ್ ಪೇರಿಗೆ ಈಗ ನಾಲ್ಕು ಊಸಿ ಐತೆ," ಎಂದರು. ಅವರ ಮಾತಿನಲ್ಲಿ ಪೇರು ಅಂದರೆ ಹೆಸರು, ಊಸಿ ಅಂದರೆ ಇಂಜೆಕ್ಷನ್ನು.

"ಅತ್ತೆ, ನನ್ನದು ಬರದಿದ್ದರೆ ನೀವೊಬ್ಬರೇ ಹೋಗಬೇಕಾಗುತ್ತೆ."

"ಹೋಯ್ತೀನಿ. ನೀ ಕವಲೆ ಪಡ್ಬ್ಯಾಡ. ಅಲ್ಲಿ ಏನ್ ಕೇಳ್ತಾರೆ, ನಾ ಏನ್ ಹೇಳ್ಬೇಕು, ಅದನ್ನ ಕಲ್ಸು."

ಚಿಂತೆ ಮಾಡಬೇಡ ಅಂತ ಅವರು ನನಗೆ ಹೇಳಿದ್ದರು. ಮೆಟ್ಟುಪಾಳ್ಯದ ತಂಗಿಯ ಮನೆಗೂ ಒಬ್ಬರೇ ಬಸ್ಸಿನಲ್ಲಿ ಹೋಗಿರದ ಹೆಂಗಸು. ಮುಂದಿನ ಮೂರು ಸಂಜೆ ನಾನು ಇಂಗ್ಲಿಷ್ ವಾಕ್ಯ ಹೇಳುವುದು, ಅವರು ಅದನ್ನು ಹಳೆಯ ಕ್ಯಾಲೆಂಡರಿನ ಹಿಂದೆ ತಮಿಳು ಅಕ್ಷರದಲ್ಲಿ ಬರೆದುಕೊಳ್ಳುವುದು. ಮಗಳನ್ನು ನೋಡಲು ಬಂದಿದ್ದೇನೆ. ಎರಡು ತಿಂಗಳು ಇರುತ್ತೇನೆ. ಅಳಿಯ ಹೊರಗೆ ಕಾಯುತ್ತಿದ್ದಾನೆ. ತರಕಾರಿ ಕೊಚ್ಚುವಾಗಲೂ ಗೊಣಗುತ್ತಿದ್ದರು. ಒಮ್ಮೆ ನನ್ನ ಗಂಡ ಕಾಫಿ ಕೇಳಿದ್ದಕ್ಕೆ, "ಮೈ ಡಾಟರ್ ಈಸ್ ಪ್ರೆಗ್ನೆಂಟ್" ಎಂದುಬಿಟ್ಟರು. ಮೂವರೂ ನಕ್ಕೆವು. ನನಗೆ ನಗುತ್ತಲೇ ಕಣ್ಣು ತುಂಬಿ ಬಂತು, ಯಾಕೆಂದರೆ ಅವರು ಒಬ್ಬರೇ ಹೋಗಬೇಕಾಗಿ ಬಂದಿದ್ದು ನನ್ನ ಒಂದು ಕ್ಷಣದ ಮೈಮರೆವಿನಿಂದ.

ಐದನೇ ದಿನ ತಿರುಪ್ಪೂರಿನಿಂದ ಮನೆಗೆ ಬರುವ ಬಸ್ಸಿನಲ್ಲಿ ನಿಂತಿದ್ದೆ. ಮುಖಗವಸಿನೊಳಗೆ ಬೆವರು ಇಳಿಯುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದ ಹಾಗೆ ಆಗಲೂ ಫೋನು ತೆಗೆದು ಆ ಪುಟ ತೆರೆದೆ. ನನ್ನ ವಯಸ್ಸಿನ ಪಕ್ಕದಲ್ಲಿ ನನ್ನ ಹೆಸರಿತ್ತು. ಮುಚ್ಚಿ ಮತ್ತೆ ತೆರೆದೆ. ಆಗಲೂ ಇತ್ತು. ಮುಂದಿದ್ದ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಅಲ್ಲಿ ಕೂತಿದ್ದ ಅಜ್ಜಿ ನನಗೆ ತಲೆ ಸುತ್ತಿತೆಂದು ತಿಳಿದು ಸರಿದು ಜಾಗ ಕೊಟ್ಟರು. ಕೂತೆ. ಅಜ್ಜಿ ಕೇಳದಿದ್ದರೂ, "ಹೆಸರು ಬಂತು ಪಾಟಿ" ಎಂದೆ. ಅವರು "ಒಳ್ಳೇದಾಯ್ತು" ಎನ್ನುವಂತೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು.

ಮೂಗಿನ ಪರೀಕ್ಷೆಗೆ ಕೊಯಮತ್ತೂರಿಗೆ ಹೋದಾಗ ಅತ್ತೆ ನನಗಿಂತ ಧೈರ್ಯವಾಗಿ ಕೂತರು. ಎರಡೂ ವರದಿಗಳು ಮಾರನೇ ದಿನ ನೆಗೆಟಿವ್ ಬಂದವು. ಹೊರಡುವ ದಿನ ಕೊಯಮತ್ತೂರು ವಿಮಾನ ನಿಲ್ದಾಣದಲ್ಲಿ ಮತ್ತೆ ಮೂಗಿಗೆ ಕಡ್ಡಿ ಹಾಕಿಸಿಕೊಂಡು, ದೂರ ದೂರ ಹಾಕಿದ್ದ ಕುರ್ಚಿಗಳಲ್ಲಿ ಕೂತೆವು. ಫಲಿತಾಂಶ ಬಂದವರನ್ನು ಒಬ್ಬೊಬ್ಬರನ್ನಾಗಿ ಕರೆದು ಒಳಗೆ ಬಿಡುತ್ತಿದ್ದರು. ನಮ್ಮ ಹಿಂದಿನ ಕುರ್ಚಿಯಲ್ಲಿ ಧಾರಾಪುರಂ ಕಡೆಯ ಒಬ್ಬ ಮನುಷ್ಯ ಇದ್ದ. ಶಾರ್ಜಾದ ಹೋಟೆಲೊಂದರಲ್ಲಿ ಅಡುಗೆಯವನು, ಅಪ್ಪನ ತಿಥಿಗೆ ಬಂದು ವಾಪಸು ಹೊರಟವನು. ಅತ್ತೆ ಅವನ ಊರು ಕೇರಿಯೆಲ್ಲ ವಿಚಾರಿಸಿ, ಅಮರಾವತಿ ಹೊಳೆಯ ನೀರಿನ ಬಗ್ಗೆ ಮಾತಾಡಿ ಮುಗಿಸಿದ್ದರು.

ಅತ್ತೆಯನ್ನು ಕರೆದರು, ನೆಗೆಟಿವ್. ನನ್ನನ್ನು ಕರೆದರು, ನೆಗೆಟಿವ್. ಆಮೇಲೆ ಅವನನ್ನು ಕರೆದು ಪಕ್ಕಕ್ಕೆ ನಿಲ್ಲಿಸಿದರು.

ಅವನಿಗೆ ಕೆಮ್ಮಿರಲಿಲ್ಲ, ಜ್ವರವಿರಲಿಲ್ಲ. ಎರಡು ದಿನದ ಹಿಂದಿನ ವರದಿಯನ್ನು ತೋರಿಸಿ ಮೆಲ್ಲಗೆ ಏನೋ ಕೇಳುತ್ತಿದ್ದ. ನೀಲಿ ಉಡುಪಿನ ಹುಡುಗಿಯೂ ಮೆಲ್ಲಗೇ ಉತ್ತರಿಸುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಹಗ್ಗ ಕಟ್ಟಿದ ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟುಕೊಂಡು ಹೊರಗಿನ ದಾರಿ ಹಿಡಿದ. ಅತ್ತೆ ದೂರದಿಂದಲೇ, "ತಂಬಿ, ಹತ್ತು ದಿನ ತಾನೇ, ಮತ್ತೆ ಹೋಗಬಹುದು" ಎಂದು ತಮಿಳಿನಲ್ಲಿ ಕೂಗಿದರು. ಅವನು ಕೈಯೆತ್ತಿದ. ಅವನನ್ನು ನೋಡಿ ನನಗೆ ಮೊದಲು ಹೊಳೆದದ್ದು ಸದ್ಯ ಅದು ನಾವಲ್ಲ ಎಂಬುದು. ಮರುಕ ಬಂದದ್ದು ಅದರ ನಂತರ. ಅದನ್ನು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹಾಗೆಯೇ.

ಶಾರ್ಜಾದಲ್ಲಿ ಇಳಿದಾಗ ಅಲ್ಲಿನ ಅಧಿಕಾರಿ ಅತ್ತೆಯನ್ನು ಏನೂ ಕೇಳಲಿಲ್ಲ. ಮುದ್ರೆ ಒತ್ತಿ ಪಾಸ್‌ಪೋರ್ಟ್ ಹಿಂದಿರುಗಿಸಿದ. ಇಷ್ಟು ಕಲಿತದ್ದು ವ್ಯರ್ಥವಾಗಬಾರದೆಂದೋ ಏನೋ ಅತ್ತೆ ತಾವಾಗಿಯೇ, "ಐ ಕೇಮ್ ಟು ಸೀ ಮೈ ಡಾಟರ್" ಎಂದರು. ಅವನು ತಲೆಯೆತ್ತಿ ನೋಡಿ ನಕ್ಕು, "ವೆಲ್‌ಕಮ್, ಮದರ್" ಎಂದ.

ಅಲ್ಲಿ ಮೂರನೇ ಸಲ ಕಡ್ಡಿ. ನಾದಿನಿಯ ಗಂಡ ನಮ್ಮನ್ನು ಮನೆಗೆ ಕರೆದೊಯ್ದು ಮುಂದಿನ ಕೋಣೆಯಲ್ಲಿ ಬಿಟ್ಟ. ಫಲಿತಾಂಶ ಬರುವವರೆಗೆ ನಾವು ಬಸುರಿಯ ಹತ್ತಿರ ಹೋಗುವಂತಿರಲಿಲ್ಲ. ಅವಳು ಮಲಗಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಅತ್ತೆ ಬಾಗಿಲ ಹೊರಗೆ ನೆಲದ ಮೇಲೆ ಕೂತರು.

"ಅಮ್ಮಾ, ಬಂದ್ಯಾ?"

"ಬಂದೆ ಕಣ್ಣು. ನೀ ಏಳ್ಬ್ಯಾಡ."

"ಅಲ್ಲೇ ಕೂತಿದ್ದೀಯಾ?"

"ಇಲ್ಲೇ ಇವ್ನಿ. ಏನ್ ತಿಂದೆ?"

ಹೀಗೆ ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ. ಏನು ತಿಂದೆ, ಮಗು ಒದೆಯುತ್ತಾ, ಗಾಣದ ಪಕ್ಕದ ಬೇವಿನ ಮರ ಕಡಿದದ್ದು, ಯಾರ ಮನೆಗೆ ಯಾರು ಸೊಸೆಯಾಗಿ ಬಂದದ್ದು. ಹಿಂದಿನ ವರ್ಷದ ಮಗುವಿನ ಮಾತು ಒಂದೇ ಸಲ ಬಂತು. "ಆವತ್ತು ನೀ ಇರ್ಲಿಲ್ಲ," ಎಂದಳು ನಾದಿನಿ. ಅತ್ತೆ ಬಾಗಿಲಿಗೆ ಅಂಗೈ ಇಟ್ಟು, "ಬಿಡ್ಲಿಲ್ಲ ಕಣ್ಣು. ಯಾರೂ ಬಿಡ್ಲಿಲ್ಲ," ಎಂದರು. ನಾನು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದೆ.

ಮೂರು ಗಂಟೆಯ ಹೊತ್ತಿಗೆ ಇಬ್ಬರ ಫಲಿತಾಂಶವೂ ನನ್ನ ಫೋನಿಗೆ ಬಂತು. "ಅತ್ತೆ, ಏನೂ ಇಲ್ಲ, ಹೋಗಿ" ಎಂದೆ. ಅವರು ಓಡಲಿಲ್ಲ. ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡರು, ಸೆರಗಿನಿಂದ ಒರೆಸಿಕೊಳ್ಳದೆ ಗಾಳಿಗೆ ಆರಿಸಿಕೊಂಡರು. ಆಮೇಲೆ ಬಾಗಿಲು ತೆರೆದು ಹಾಸಿಗೆಯ ತುದಿಯಲ್ಲಿ ಕೂತು ಮಗಳ ಎರಡೂ ಪಾದಗಳನ್ನು ಮಡಿಲಿಗೆ ಎತ್ತಿಕೊಂಡರು.

"ಎಷ್ಟು ಊದೈತೆ," ಎಂದು ಒತ್ತತೊಡಗಿದರು.

ನಾದಿನಿ ಅತ್ತಳು, ಹೆಚ್ಚು ಹೊತ್ತಲ್ಲ. ಅಳುತ್ತಲೇ ಕಣ್ಣು ಮುಚ್ಚಿದಳು. ವಾರಗಟ್ಟಲೆ ಸರಿಯಾಗಿ ನಿದ್ದೆಯೇ ಇಲ್ಲ ಎಂದು ಅವಳ ಗಂಡ ದಾರಿಯಲ್ಲಿ ಹೇಳಿದ್ದ. ಆವತ್ತು ಕತ್ತಲಾಗುವವರೆಗೆ ಮಲಗಿದಳು.

ಹತ್ತು ದಿನ ಇದ್ದು ನಾನು ತಿರುಪ್ಪೂರಿಗೆ, ನನ್ನ ಕೆಲಸಕ್ಕೆ ಮರಳಿದೆ. ಅತ್ತೆ ಅಲ್ಲೇ ಉಳಿದರು. ಹೆಣ್ಣು ಮಗು ದಿನ ತುಂಬಿಯೇ ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಆ ಅಳುವನ್ನು ಅತ್ತೆ ಫೋನಿನಲ್ಲಿ ನಮಗೆ ಕೇಳಿಸಿದರು. ನನ್ನ ಗಂಡ ಗಾಣ ನಿಲ್ಲಿಸಿ, ಎಣ್ಣೆ ಮೆತ್ತಿದ ಕೈಯಲ್ಲೇ ಫೋನು ಹಿಡಿದು, ಅದು ಸುಮ್ಮನಾಗುವವರೆಗೆ ಕೇಳಿದರು.