ಮೊದಲೇ ಒತ್ತಿದ ‘ಆಯಿತು’

ಆರಕ್ಕೆ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಸುತ್ತು ಚಹಾ ಆಗಿರುತ್ತದೆ. ಆ ದಿನವೂ ಆಗಿತ್ತು. ನಮ್ಮ ಯಜಮಾನರು ಕುಂಬಾರವಾಡದ ಶಾಲೆಗೆ ಹೋಗಲು ಏಳರ ಬಸ್ಸಿಗೆ ಹೊರಟರು. ಅಂಗಳ ಗುಡಿಸಿ, ಅತ್ತೆಯವರ ಲಿಂಗಪೂಜೆಗೆ ನೀರು, ವಿಭೂತಿ, ಎರಡು ದಾಸವಾಳ ಇಟ್ಟು, ನಾನು ರೊಟ್ಟಿಗೆ ಹಿಟ್ಟು ನಾದಲು ಕುಳಿತೆ.

ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಿನ್ನುವ ಮುಂಚೆ ಇನ್ಸುಲಿನ್ ಪೆನ್ನಿನಿಂದ ಹೊಟ್ಟೆಗೆ ಹನ್ನೆರಡು ಯುನಿಟ್ ಚುಚ್ಚಬೇಕು. ಅದನ್ನು ಚುಚ್ಚುವವಳು ನಾನು. ಒಂದು ದಿನ ತಪ್ಪಿದರೆ ಹೇಗೋ ನಡೆದೀತು, ಒಂದೇ ಹೊತ್ತಿಗೆ ಎರಡು ಸಲ ಬಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅದಕ್ಕೇ ಯಜಮಾನರು ಫೋನಿನ ಕ್ಯಾಲೆಂಡರಿನಲ್ಲಿ ಏಳೂವರೆಗೆ ಗಂಟೆ ಇಟ್ಟುಕೊಟ್ಟಿದ್ದರು. ಇಬ್ಬರ ಫೋನಿನಲ್ಲೂ ಒಂದೇ ಖಾತೆ. ನಾನು ‘ಆಯಿತು’ ಎಂದು ಒತ್ತಿದರೆ ಅವರ ಫೋನಿನಲ್ಲೂ ಗುರುತು ಬೀಳುತ್ತದೆ. ಅವರ ಬಸ್ಸಿನ ದಾರಿಯಲ್ಲಿ ಕಾಡು ಶುರುವಾಗುವ ಮುನ್ನ ಒಂದು ತಿರುವಿನಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಗುರುತು ಕಾಣದಿದ್ದರೆ ಅಲ್ಲಿಂದಲೇ ಫೋನು ಮಾಡಿ, “ಇನ್ನೂ ಯಾಕ ಕೊಟ್ಟಿಲ್ಲ?” ಎನ್ನುತ್ತಾರೆ.

ಆದರೆ ಅತ್ತೆಯವರ ಪೂಜೆಗೆ ಏಳೂವರೆ ಗೊತ್ತಿಲ್ಲ. ಲಿಂಗ ಅಂಗೈಯಲ್ಲಿದ್ದಾಗ ಅವರು ಮಾತಾಡುವುದಿಲ್ಲ, ಯಾರೂ ಮುಟ್ಟುವಂತಿಲ್ಲ. ಒಮ್ಮೆ ಏಳೂಕಾಲಿಗೆ ಮುಗಿದರೆ ಮತ್ತೊಮ್ಮೆ ಎಂಟಾಗುತ್ತದೆ. ಹೀಗಾಗಿ ಗಂಟೆ ಹೊಡೆದಾಗ ಮೊದಲು ‘ಆಯಿತು’ ಒತ್ತಿ, ಪೂಜೆ ಮುಗಿದ ಮೇಲೆ ಸೂಜಿ ಕೊಡುವುದು ನನ್ನ ರೂಢಿಯಾಗಿತ್ತು. ನಾನು ಕಲಿತ ಕಾನ್ವೆಂಟಿನಲ್ಲಿ ಗಂಟೆ ಕೇಳಿದರೆ ಅರ್ಧ ಬರೆದ ಅಕ್ಷರವನ್ನೂ ಬಿಟ್ಟು ಎದ್ದು ನಿಲ್ಲಬೇಕಿತ್ತು. ಗಂಟೆಯನ್ನು ಕಾಯಿಸಬಾರದೆಂಬ ಅಂಜಿಕೆ ನನ್ನೊಳಗೆ ಇನ್ನೂ ಇದೆ.

ಆ ದಿನವೂ ಹಿಟ್ಟಿನ ಕೈಯ ಬೆರಳಗೆಣ್ಣಿನಿಂದ ಒತ್ತಿದೆ. ಫೋನಿನ ಗಾಜಿನ ಮೇಲೆ ಹಿಟ್ಟಿನ ಬಿಳಿ ಚುಕ್ಕೆ ಉಳಿಯಿತು. ಅದು ಚೆನ್ನಾಗಿ ನೆನಪಿದೆ. ಆಮೇಲೆ ಗ್ಯಾಸು ಮುಗಿಯಿತು, ಸಿಲಿಂಡರು ಬದಲಿಸಿದೆ, ಆರು ರೊಟ್ಟಿ ಬಡಿದೆ. ಎಂಟು ದಾಟಿದಾಗ ಅತ್ತೆಯವರು ತಾಟಿನ ಮುಂದೆ ಬಂದು ಕುಳಿತರು. ಸೂಜಿ ಕೊಟ್ಟೆನೋ ಇಲ್ಲವೋ ಎಂದು ಹುಡುಕಿದರೆ ತಲೆಯೊಳಗೆ ಏನೂ ಇರಲಿಲ್ಲ.

“ಅತ್ತಿಯಾರ, ಇವತ್ತ ಸೂಜಿ ಆತೇನ್ರಿ?”

“ಆಗಿರಬೇಕು. ದಿನಾ ಚುಚ್ಚತಿ. ಇದು ಇವತ್ತಿಂದು, ಇದು ನಿನ್ನಿದು ಅಂತ ನನ್ನ ಹೊಟ್ಟಿ ಮ್ಯಾಲ ತಾರೀಖ ಬರದೈತೇನು?”

“ಖರೇ ಹೇಳ್ರಿ.”

“ನಿನ್ನ ಫೋನಿಗೆ ಕೇಳು. ಅದು ನನಗಿಂತ ಶಾಣ್ಯಾ ಐತಲ್ಲ.”

ಫೋನು ‘ಆಯಿತು’ ಎನ್ನುತ್ತಿತ್ತು. ಆದರೆ ಆ ಮಾತನ್ನು ಅದರ ಬಾಯಿಗೆ ಹಾಕಿದವಳು ನಾನೇ. ಕೊಟ್ಟಿದ್ದರೆ ಇಷ್ಟಾದರೂ ನೆನಪಿರುತ್ತಿತ್ತಲ್ಲ, ಕೊಟ್ಟಿಲ್ಲ ಎಂದುಕೊಂಡೆ. ಪಡಸಾಲೆಯ ಕಿಟಕಿಯಲ್ಲಿ ಸ್ಪಿರಿಟ್ ಬಾಟಲಿಗೆ ಅಡ್ಡವಾಗಿ ನನ್ನ ಸ್ಟೀಲಿನ ಬಟ್ಟಲು ಇತ್ತು. ಹಿಂದಿನ ದಿನ ಅದರಲ್ಲಿ ಪಕ್ಕದ ಮನೆಯ ಭಾಭಿಗೆ ಗೋಧಿ ಹುಗ್ಗಿ ಕೊಟ್ಟಿದ್ದೆ. ಯಾವಾಗ ತಂದಿಟ್ಟು ಹೋದರೋ ಎಂದುಕೊಳ್ಳುತ್ತಲೇ ಬಟ್ಟಲು ಸರಿಸಿ, ಬಾಟಲಿ ತೆಗೆದು, ಪೆನ್ನನ್ನು ಹನ್ನೆರಡಕ್ಕೆ ತಿರುಗಿಸಿ ಸೂಜಿ ಕೊಟ್ಟುಬಿಟ್ಟೆ.

ಸ್ಪಿರಿಟ್ ಒರೆಸಿದ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಲು ಬಗ್ಗಿದಾಗ ಅಲ್ಲಿ ಇನ್ನೊಂದು ಹತ್ತಿಯ ಉಂಡೆ ಕಂಡಿತು. ನಿನ್ನೆಯದಿರಬಹುದು. ಬುಟ್ಟಿ ಖಾಲಿ ಮಾಡಿದ್ದು ಯಾವಾಗ ಎಂಬುದೂ ನೆನಪಾಗಲಿಲ್ಲ.

ಸಕ್ಕರೆ ನೋಡುವ ಮಷೀನು ಮನೆಯಲ್ಲಿತ್ತು, ಅದಕ್ಕೆ ರಕ್ತ ಹಚ್ಚುವ ಪಟ್ಟಿಗಳು ಮುಗಿದಿದ್ದವು. ‘ಪಟ್ಟಿ ತರಬೇಕು’ ಎಂಬ ಫೋನಿನ ನೆನಪೋಲೆಯನ್ನು ನಾಲ್ಕು ದಿನದಿಂದ ನಾನೇ ನಾಳೆಗೆ, ನಾಳೆಗೆ ಎಂದು ದೂಡುತ್ತಿದ್ದೆ. ಯಜಮಾನರ ಬಸ್ಸು ಆ ತಿರುವು ದಾಟಿತ್ತು, ಫೋನು ಹತ್ತಲಿಲ್ಲ. ಆಸ್ಪತ್ರೆಗೆ ಫೋನು ಹಚ್ಚಿದೆ. ನರ್ಸಮ್ಮ ಕೇಳಿದರು:

“ಎರಡ ಸಲ ಕೊಟ್ರೇನ್ರಿ?”

“ಗೊತ್ತಿಲ್ರಿ.”

“ನೀವ ಕೊಟ್ಟಿದ್ದು ನಿಮಗ ಗೊತ್ತಿಲ್ಲೇನು?” ಎಂದರು. “ಇರ್ಲಿ. ಹೊಟ್ಟಿತುಂಬ ಉಣಸ್ರಿ, ಸಕ್ಕರಿ ನೀರು ಕುಡಸ್ರಿ. ಲಗೂನ ಪಟ್ಟಿ ತರಿಸಿ ತಾಸಿಗೊಮ್ಮೆ ನೋಡ್ರಿ. ಬೆವತ್ರ, ಮಾತು ತೊದಲಿದ್ರ ಹಾದಿ ಕಾಯಬ್ಯಾಡ್ರಿ, ಹಂಗ ಕರ್ಕೊಂಡು ಬರ್ರಿ.”

ಮೆಡಿಕಲ್ ಅಂಗಡಿಯವರು ಬಾಗಿಲು ತೆರೆದೊಡನೆ ಪಟ್ಟಿ ಕಳಿಸುವುದಾಗಿ ಹೇಳಿದರು. ಅಲ್ಲಿಯವರೆಗೆ ನಾನು ಅತ್ತೆಯವರ ಎದುರಿನಿಂದ ಏಳಲಿಲ್ಲ. ಸಕ್ಕರೆ ನೀರು, ಬಾಳೆಹಣ್ಣು, ರೊಟ್ಟಿಗೆ ಬೆಲ್ಲ ಕೊಟ್ಟೆ.

“ಎರಡ ವರ್ಷದಿಂದ ಬೆಲ್ಲದ ಡಬ್ಬಿ ಮುಚ್ಚಿಡಾಕಿ, ಇವತ್ತೇನ ನನ್ನ ಕಳಸಾಕ ತಯಾರಿ ನಡಸೀಯೇನು?” ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಅವರ ಬೆರಳು ನಡುಗುತ್ತಿದ್ದವು. ಅವು ದಿನವೂ ನಡುಗುತ್ತವೆಯೇ? ಇಷ್ಟು ವರ್ಷ ಜೊತೆಗಿದ್ದೂ ನಾನು ನೋಡಿರಲಿಲ್ಲ. ಮೇಲ್ದುಟಿಯ ಮೇಲೆ ಸಾಸಿವೆಯಷ್ಟು ಬೆವರು ಮೂಡಿತು. ಸೆರಗಿನಿಂದ ಒರೆಸಿ, ಮತ್ತೆ ಮೂಡುತ್ತದೆಯೇ ಎಂದು ಕಾದೆ.

ಹತ್ತಕ್ಕೆ ಪಟ್ಟಿ ಬಂತು. ಎಪ್ಪತ್ತನಾಲ್ಕು. ಅಷ್ಟು ಬೆಲ್ಲ ತಿಂದ ಮೇಲೂ ಎಪ್ಪತ್ತನಾಲ್ಕು. “ಅಂಚಿನ್ಯಾಗ ಐತ್ರಿ, ಇನ್ನಷ್ಟು ಕೊಡ್ರಿ, ಬಿಟ್ಟು ಹೋಗಬ್ಯಾಡ್ರಿ,” ಎಂದರು ನರ್ಸಮ್ಮ. ಫೋನಿನಲ್ಲಿ ತಾಸಿಗೊಂದರಂತೆ ಗಂಟೆ ಇಟ್ಟುಕೊಂಡೆ. ಬೆರಳು ಚುಚ್ಚಿ ಅಂಕಿ ಬರೆದಿಟ್ಟ ಮೇಲೆಯೇ ‘ಆಯಿತು’ ಒತ್ತಿದೆ. ಎಂಬತ್ತೆಂಟು. ತೊಂಬತ್ತು. ಮಧ್ಯಾಹ್ನ ಅತ್ತೆಯವರಿಗೆ ಜೊಂಪು ಹತ್ತಿದಾಗ ಎರಡು ಸಲ ಸುಮ್ಮನೆ ಎಬ್ಬಿಸಿ ಬೈಸಿಕೊಂಡೆ. ಬೈಗುಳದಲ್ಲಿ ಒಂದು ಅಕ್ಷರವೂ ತೊದಲಿರಲಿಲ್ಲ.

ಐದಕ್ಕೆ ನೂರ ಮೂವತ್ತು ಬಂತು. ಇನ್ನು ಹೆದರಬೇಡಿ ಎಂದರು ನರ್ಸಮ್ಮ. ಎರಡು ಸಲ ಬಿದ್ದಿದ್ದರೆ ಹೀಗಿರುತ್ತಿರಲಿಲ್ಲ, ಒಂದೇ ಸಲ ಕೊಟ್ಟಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಹಳಿಯಾಳದಲ್ಲಿ ನನ್ನ ತಾಯಿ ಸಾರಿಗೆ ಎರಡು ಸಲ ಉಪ್ಪು ಹಾಕತೊಡಗಿದಾಗ ಅವಳಿಗೆ ನನ್ನ ಈಗಿನ ವಯಸ್ಸು. ನಾವು ಮಕ್ಕಳು ನಕ್ಕಿದ್ದೆವು. ಕೊನೆಕೊನೆಗೆ ಅವಳಿಗೆ ನಮ್ಮ ಹೆಸರೇ ಸಿಗುತ್ತಿರಲಿಲ್ಲ.

ಯಜಮಾನರು ಬಂದು ಚಪ್ಪಲಿ ಬಿಡುತ್ತಾ, “ಇವತ್ತ ಟೈಮಿಗೆ ಸರಿಯಾಗಿ ಕೊಟ್ಟೀಯಲ್ಲ, ನೋಡಿದೆ,” ಎಂದರು. ನಾನು ಹೂಂ ಎಂದೆ.

ದೀಪ ಹಚ್ಚುವ ಹೊತ್ತಿಗೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಗೋಡೆಯಾಚೆ ಭಾಭಿಯೂ ಬಟ್ಟೆ ಮಡಚುತ್ತಿದ್ದರು.

“ಅಕ್ಕಾರ, ಹುಗ್ಗಿ ಭಾಳ ಚೊಲೋ ಆಗಿತ್ತ್ರಿ. ಬಟ್ಟಲ ಸಿಕ್ತಿಲ್ರಿ? ಮುಂಜಾನೆ ಕೊಡಾಕ ಬಂದಾಗ ನೀವು ಅತ್ತಿಯಾರಿಗೆ ಸೂಜಿ ಚುಚ್ಚಾಕತ್ತಿದ್ರಿ. ನಡುವ ಮಾತಾಡಸೂದು ಬ್ಯಾಡ ಅಂತ ಕಿಟಕ್ಯಾಗ ಇಟ್ಟ ಹೋದೆ.”

ನಾನು ಸ್ಪಿರಿಟ್ ಬಾಟಲಿಗೆ ಕೈ ಹಾಕಿದಾಗ ಆ ಬಟ್ಟಲು ಆಗಲೇ ಕಿಟಕಿಯಲ್ಲಿತ್ತು.