ಎಲೆಯಡಿಕೆ ತಟ್ಟೆ ಯಾರ ಕೈಯಲ್ಲಿ

ಒಂದು ಇಂಗ್ಲಿಷ್ ಕಾದಂಬರಿಯ ಮೇಲೆ ನನಗೆ ವಿಪರೀತ ಸಿಟ್ಟಿದೆ. ಅದನ್ನು ನಾನು ಓದಿಲ್ಲ, ಇಂಗ್ಲಿಷ್ ಓದಲು ಬರುವುದೂ ಇಲ್ಲ. ನನ್ನ ತವರೂರು ಸಾರಥಿಯ ಶಾಲೆಯಲ್ಲಿ ಮೂರನೇ ತರಗತಿಗೇ ನನ್ನ ವಿದ್ಯೆ ಮುಗಿಯಿತು. ಆದರೆ ಸಿಟ್ಟು ಮಾಡಿಕೊಳ್ಳಲು ಇಷ್ಟೇ ಓದಿರಬೇಕೆಂಬ ಕಾನೂನೇನೂ ಇಲ್ಲವಲ್ಲ.

ಪುಸ್ತಕ ನನ್ನ ಮೊಮ್ಮಗಳು ಗಿರಿಜೆಯದು. ದಾವಣಗೆರೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಇದನ್ನು ಬರೆಯುವಾಗ ಹಿಗ್ಗಿಗೆ ನನ್ನ ಅಕ್ಷರಗಳೂ ದಪ್ಪಗಾಗುತ್ತವೆ, ಇರಲಿ. ಕೆ.ಬಿ. ಬಡಾವಣೆಯ ಮನೆಯಲ್ಲಿ ನಾನು ಜೋಳ ಹಸನು ಮಾಡುತ್ತ ಕೂತರೆ, ಅವಳು ಪಾಠದ ಕಥೆಯನ್ನು ಕನ್ನಡ ಮಾಡಿ ಹೇಳುತ್ತಾಳೆ.

ದೊಡ್ಡವರಿಲ್ಲದ ಒಂದು ದ್ವೀಪವಂತೆ. ಅಲ್ಲಿ ಸಿಕ್ಕಿಬಿದ್ದ ಶಾಲೆಯ ಹುಡುಗರಿಗೆ ಒಂದು ಶಂಖ ಸಿಗುತ್ತದೆ. ಅದು ಯಾರ ಕೈಯಲ್ಲಿದೆಯೋ ಅವನು ಮಾತಾಡಬೇಕು, ಮಿಕ್ಕವರು ಕೇಳಬೇಕು. ಎಷ್ಟು ಚೆಂದದ ಏರ್ಪಾಡು! ಒಬ್ಬ ಹುಡುಗನ ಕನ್ನಡಕದ ಗಾಜಿನಿಂದ ಬೆಂಕಿ ಹೊತ್ತಿಸುತ್ತಾರೆ. ಆಮೇಲೆ ಬೇಟೆಯ ರುಚಿ ಹತ್ತಿದ ಕೆಲವರು ಮುಖಕ್ಕೆ ಬಣ್ಣ ಬಳಿದುಕೊಂಡು ಕನ್ನಡಕ ಕಸಿಯುತ್ತಾರೆ. ಕಡೆಗೆ ಶಂಖವನ್ನೂ ಆ ಹುಡುಗನನ್ನೂ ಒಟ್ಟಿಗೇ ಮುಗಿಸುತ್ತಾರೆ. ನಾನು ಮೊರ ಕುಕ್ಕಿದೆ.

“ಅವರ ಅವ್ವಂದಿರು ಏನು ಕಲಿಸಿದ್ರೇ ಆ ಹುಡುಗ್ರಿಗೆ?”

“ಅಜ್ಜಿ, ಅದು ಸಂಕೇತ. ಶಂಖ ಅಂದ್ರೆ ನಾಗರಿಕತೆ, ಕನ್ನಡಕ ಅಂದ್ರೆ ತಿಳಿವಳಿಕೆ.”

“ಸಂಕೇತ ಅಂತ ಹುಡುಗನ್ನ ಕೊಲ್ತಾರೇನು? ಕಣ್ಣು ಕಾಣ್ದೋನು ತನ್ನ ಕನ್ನಡಕ ಕೇಳಾಕ ಹೋಗಿದ್ದ, ಅಷ್ಟೇ!”

ದಾರ ಕಟ್ಟಿದ ನನ್ನ ಕನ್ನಡಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಕೊನೆಗೆ ಉಳಿದವರನ್ನು ಕಾಪಾಡಲು ಬರುವವನಾದರೂ ಯಾರು? ಯುದ್ಧದ ಹಡಗಿನ ಸಾಹೇಬ. ಫಿರಂಗಿಯ ಹಡಗನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಹುಡುಗರು ಹೀಗೆ ಹೊಡೆದಾಡಬಹುದೇ ಎಂದು ಬೇಸರಪಟ್ಟನಂತೆ! ಸಿಟ್ಟಿನಲ್ಲಿ ಆ ದಿನ ಜೋಳದಲ್ಲಿ ಕಲ್ಲು ಉಳಿಯಿತು.

ಶಂಖವೆಂದರೆ ನಾನು ಕಂಡದ್ದು ಬಾಗಿಲಿಗೆ ಬರುವ ದಾಸಯ್ಯನದು, ಹರಿಹರದ ಗುಡಿಯದು. ಎರಡನ್ನೂ ಯಾರೂ ನನ್ನ ಕೈಗೆ ಕೊಟ್ಟಿಲ್ಲ. ನಮ್ಮ ಮನೆತನದಲ್ಲಿ ಶಂಖದ ಕೆಲಸ ಮಾಡುವುದು ಎಲೆಯಡಿಕೆ ತಟ್ಟೆ. ಹಿರಿಯರು ತೀರ್ಮಾನಕ್ಕೆ ಕೂತಾಗ ತಟ್ಟೆ ಹಿಡಿದವರು ಎಲೆಗೆ ಸುಣ್ಣ ಹಚ್ಚುತ್ತ ಮಾತಾಡುತ್ತಾರೆ. ಮಾತು ಮುಗಿದರೆ ಎಲೆ ಬಾಯಿಗೆ, ತಟ್ಟೆ ಪಕ್ಕದವರಿಗೆ. ಬಾಯಿ ತುಂಬ ರಸವಿದ್ದವರು ಇನ್ನೊಬ್ಬರ ಮಾತಿಗೆ ಅಡ್ಡ ಬರುವುದು ಹೇಗೆ? ದ್ವೀಪದ ಹುಡುಗರಿಗೆ ಈ ಉಪಾಯ ಹೊಳೆಯಲಿಲ್ಲ. ಆದರೆ ಎಲೆ ಒರೆಸಿ, ಅಡಿಕೆ ಕತ್ತರಿಸಿ, ತಟ್ಟೆ ತಂದಿಡುವ ನಾವು ಹೆಂಗಸರು ಮಾತ್ರ ಇಟ್ಟ ಕೂಡಲೇ ಒಳಗೆ ಹೋಗಬೇಕು.

ಕಳೆದ ತಿಂಗಳು ನಂದಿಗುಡಿಯಿಂದ ನಮ್ಮ ಭಾವನವರು, ಎಂದರೆ ನನ್ನ ಗಂಡನ ಅಣ್ಣ, ಬಸ್ಸು ಹತ್ತಿ ಬಂದರು. ಗಿರಿಜೆಗೆ ಗಂಡು ನೋಡಿದ್ದರು. ಪರೀಕ್ಷೆಗೆ ಮುಂಚೆ ಮದುವೆ, ಕಾಲೇಜು ಬಂದ್.

“ಹುಡುಗಿ ಓದಿದ್ದು ಸಾಕು. ಇನ್ನೂ ಓದಿದ್ರೆ ಗಂಡು ಹುಡುಕಾಕ ವಿಲಾಯ್ತಿಗೆ ಹೋಗ್ಬೇಕಾಗ್ತೈತೆ,” ಎಂದು ಎಲೆ ಬಾಯಿಗಿಟ್ಟು, ತಟ್ಟೆಯನ್ನು ನನ್ನ ಮಗನ ಕಡೆಗೆ ಸರಿಸಿದರು.

ಗಿರಿಜೆಯ ಅಪ್ಪನಾದ ನನ್ನ ಮಗ ಬಟ್ಟೆ ಮಿಲ್ಲಿನ ಸದ್ದನ್ನೂ ಮೀರಿ ಕೂಗಬಲ್ಲವನು. ದೊಡ್ಡಪ್ಪನ ಎದುರು ಅಡಿಕೆ ಹೋಳುಗಳನ್ನು ಆಚೀಚೆ ಸರಿಸುತ್ತ ಕೂತ. ಕಡೆಗೆ, “ಅವ್ವಾ, ಎಲೆ ಮುಗದಾವೆ,” ಎಂದ. ಮಗಳ ಬಾಳಿನ ಬಗ್ಗೆ ಅವನಾಡಿದ ಮಾತು ಅಷ್ಟೇ!

ತಟ್ಟೆ ತುಂಬಿ ತಂದೆ. ಕೆಳಗಿಡಲಿಲ್ಲ. ಭಾವನವರ ಎದುರು ಎಂದೂ ನಿಂತು ಮಾತಾಡದ ನಾನು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅವರ ಮುಂದೆ ಕೂತೇಬಿಟ್ಟೆ.

“ಭಾವನೋರೇ, ತಟ್ಟೆ ನನ್ನ ಕೈಯಾಗೈತೆ. ಪರೀಕ್ಷೆ ಮುಗಿಯೋತನಕ ಈ ಮನ್ಯಾಗ ಗಂಡಿನ ಸುದ್ದಿ ಬ್ಯಾಡ್ರಿ.”

ಭಾವನವರ ಕಣ್ಣು ಕೆಂಪಾಯಿತು. ಬಾಯಿ ಮೊದಲೇ ಕೆಂಪಗಿತ್ತು. ಬೈಯಬೇಕೆಂದರೆ ಅಂಗಳಕ್ಕೆ ಹೋಗಿ ಉಗುಳಿ ಬರಬೇಕು. ಹೋದರು. ಅವರು ಬರುವಷ್ಟರಲ್ಲಿ ನಾನು ಮಗನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದೆ.

“ಹೆಂಗಸ್ರ ಕೈಯಾಗ ತಟ್ಟೆ ಯಾವಾಗ ಇತ್ತು?” ಎಂದು ಗುಡುಗಿದರು.

“ಯಾವಾಗ್ಲೂ ಇತ್ರಿ. ಇಷ್ಟು ವರ್ಷ ತೊಳೆದೋರು ಯಾರು ಅನ್ಕಂಡ್ರಿ?”

ಅಷ್ಟಂದು, ಬಾಗಿಲ ಮರೆಯಲ್ಲಿದ್ದ ಗಿರಿಜೆಯನ್ನು ಕರೆದು ತಟ್ಟೆ ಅವಳ ಕೈಗಿಟ್ಟೆ. ಅವಳು ದೊಡ್ಡಜ್ಜನ ಎದುರೇ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು.

“ದೊಡ್ಡಜ್ಜ, ಪರೀಕ್ಷೆ ಬರೀತೀನಿ. ಆಮೇಲೆ ಒಂದು ಕೆಲಸ ಹಿಡೀತೀನಿ. ಮದುವಿ ಮಾತು ಆಮ್ಯಾಲೆ.”

ಕೆಲಸವೇ? ಇದು ನನ್ನ ಎಣಿಕೆಯಲ್ಲೇ ಇರಲಿಲ್ಲ. ನಾನು ಹೋರಾಡಿದ್ದು ಬರೀ ಪರೀಕ್ಷೆಗೆ!

“ಏ ಹುಡುಗಿ, ಕೆಲಸ ಗಿಲಸ ಅಂತ ಏನು—”

“ಅಜ್ಜಿ, ತಟ್ಟೆ ನನ್ನ ಕೈಯಾಗೈತೆ,” ಎಂದಳು, ಮಡಚಿದ ಎಲೆಯೊಂದನ್ನು ನನ್ನ ಬಾಯಿಗೇ ಇಟ್ಟಳು.

ನನ್ನ ಬಾಯಿ ಕಟ್ಟಿದ್ದು ಕಂಡು ಭಾವನವರಿಗೆ ಎಷ್ಟು ಖುಷಿಯಾಯಿತೆಂದರೆ, ಗಹಗಹಿಸಿ ನಕ್ಕು, ಅವಳು ಚಾಚಿದ ತಟ್ಟೆಯಿಂದ ತಾವೂ ಎಲೆ ತೆಗೆದುಕೊಂಡರು. ನಮ್ಮಲ್ಲಿ ಮಾತಾಡಿದವರ ಕೈಯಿಂದ ಎಲೆ ತೆಗೆದುಕೊಂಡರೆ ಆ ಮಾತಿಗೆ ಒಪ್ಪಿದಂತೆ.

ನನಗೆ ಮಾತ್ರ ಮೈಯೆಲ್ಲ ಉರಿಯಿತು. ಎತ್ತಿ ಆಡಿಸಿದ ಕೂಸು ನನಗೇ ಸುಮ್ಮನಿರು ಎಂದಿತಲ್ಲ! ಅಂಗಳಕ್ಕೆ ಹೋಗಿ ಉಗುಳಿ ಬಂದು ಜಗಳ ತೆಗೆಯಬಹುದಿತ್ತು. ಹೋಗಲಿಲ್ಲ. ಸುಣ್ಣ ಸ್ವಲ್ಪ ಹೆಚ್ಚಾಗಿತ್ತು. ಆದರೂ ಕೂತಲ್ಲೇ ಕೂತು, ಅವಳು ಹೇಳುವುದನ್ನು ಕೇಳುತ್ತ, ನಿಧಾನವಾಗಿ ಅಗಿದೆ.